ಯಾವ ವಿಷಯ ತಗೊಳ್ಳೋಣ ಮೇಡಂ?

(ಸುವರ್ಣ ಮಹೋತ್ಸವದ ಎರಡನೇ ದಿನ ನಡೆದ ಪೋಷಕರ ಮತ್ತು ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಳೆಯ ನೆನಪುಗಳನ್ನು ನಿನ್ನೆಯೇ ಅನೇಕರು ಚೆನ್ನಾಗಿ ಹೇಳಿದ್ದಾರೆ. ಸಮಿತಿಯವರು ನನಗೆ ಕೊಟ್ಟಿರುವ ವಿಷಯ ಬೇರೆ: ಎಸ್.ಎಸ್.ಎಲ್.ಸಿ. ಆದ ಮೇಲೆ ಮಕ್ಕಳು ಏನು ಓದಬೇಕು. ಇದರ ಬಗ್ಗೆ ಮಾತಾಡಲು ನನಗಿರುವ ಅರ್ಹತೆ ಇಷ್ಟೇ. 1980ರಲ್ಲಿ ಈ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೋದೆ. ಪ್ರಾಣಿಶಾಸ್ತ್ರ ಓದಿದೆ. ಆಮೇಲೆ ಮೂವತ್ತು ವರ್ಷ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲೇ ಸುತ್ತುತ್ತಾ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಜೀವಶಾಸ್ತ್ರ ಪಾಠ ಮಾಡಿದೆ. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಪ್ರವೇಶದ ಅರ್ಜಿ ಕೊಡುವ ಮೇಜಿನ ಹಿಂದೆ ಕೂರುವ ಕೆಲಸ ನನಗೇ ಬೀಳುತ್ತಿತ್ತು. ಉಳಿದ ಉಪನ್ಯಾಸಕರು ಮೌಲ್ಯಮಾಪನಕ್ಕೆ ಹೋಗಿರುತ್ತಿದ್ದರು, ಅದೊಂದು ಕಾರಣ. ನನಗೆ ಜನರ ಜೊತೆ ಮಾತಾಡುವ ಚಟ, ಅದು ಇನ್ನೊಂದು.

ಆ ಮೇಜಿಗೆ ಸಾಮಾನ್ಯವಾಗಿ ಮೂವರು ಬರುತ್ತಾರೆ. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡ ಅಪ್ಪ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸೋದರಮಾವನೋ ಚಿಕ್ಕಪ್ಪನೋ ಒಬ್ಬ ತಿಳಿದವನು, ಅವರ ಬೆನ್ನ ಹಿಂದೆ ಮಗು. ಮಾತೆಲ್ಲ ತಿಳಿದವನದು. "ನೀನೇನು ಓದಬೇಕು ಅಂತಿದ್ದೀಯವ್ವ?" ಅಂತ ನಾನು ಹುಡುಗಿಯನ್ನೇ ಕೇಳಿದರೆ ಅವಳು ಅಪ್ಪನ ಮುಖ ನೋಡುತ್ತಾಳೆ. ಅಪ್ಪ ಹೇಳುತ್ತಾನೆ, "ಅವಳ್ಗೇನ್ ಗೊತ್ತಾಯ್ತದೆ ಮೇಡಂ, ಬೇಗ ಕೆಲ್ಸ ಸಿಕ್ಕೋದು ಯಾವ್ದಾರ ಒಳ್ಳೇದು ನೀವೇ ಕೊಡಿ." ಔಷಧಿ ಅಂಗಡಿಯಲ್ಲಿ ಮಾತ್ರೆ ಕೇಳಿದ ಹಾಗೆ.

ನಾನು ಅವರನ್ನು ದೂರುತ್ತಿಲ್ಲ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲದಾಗ ಇನ್ನು ಹೇಗೆ ಕೇಳಬೇಕು? ನಾವು ಕಾಲೇಜಿನವರಾದರೂ ಏನು ಮಾಡುತ್ತಿದ್ದೆವು? ಅಂಕ ನೋಡಿ ವಿಂಗಡಿಸುತ್ತಿದ್ದೆವು. ಎಂಬತ್ತೈದರ ಮೇಲೆ ಬಂದಿದ್ದರೆ ಸೈನ್ಸು, ಅದಕ್ಕಿಂತ ಕೆಳಗೆ ಕಾಮರ್ಸು, ಇನ್ನೂ ಕೆಳಗೆ ಆರ್ಟ್ಸು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ನೀವೆಲ್ಲ ಹೋಗಿದ್ದೀರಿ. ಅಲ್ಲಿ ರೀಲರು ಒಂದು ಹಿಡಿ ಗೂಡು ಕೈಗೆ ತೆಗೆದುಕೊಳ್ಳುತ್ತಾನೆ, ಒತ್ತಿ ನೋಡುತ್ತಾನೆ, ಕಿವಿ ಹತ್ತಿರ ಅಲ್ಲಾಡಿಸುತ್ತಾನೆ, ಆಮೇಲೆ ಬೆಲೆ ಕಟ್ಟುತ್ತಾನೆ. ನಮ್ಮ ಮಕ್ಕಳಿಗೆ ಅಷ್ಟು ಮರ್ಯಾದೆಯೂ ಸಿಗುತ್ತಿರಲಿಲ್ಲ.

ಹೀಗೆ ವಿಂಗಡಿಸಿದ್ದರಿಂದ ಆಗುವುದೇನು ಅನ್ನುವುದು ಸೆಪ್ಟೆಂಬರಿನಲ್ಲಿ ಗೊತ್ತಾಗುತ್ತದೆ. ಹತ್ತನೇ ತರಗತಿಯಲ್ಲಿ ಊರಿಗೇ ಮೊದಲು ಬಂದು, ಶಾಲು ಹೊದಿಸಿಕೊಂಡು, ಫ್ಲೆಕ್ಸ್‌ನಲ್ಲಿ ಫೋಟೋ ಹಾಕಿಸಿಕೊಂಡು ಬಂದ ಮಗು ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ 25ಕ್ಕೆ 4 ತೆಗೆಯುತ್ತದೆ. ಎರಡನೇ ಪರೀಕ್ಷೆಗೆ ಬರುವುದೇ ಇಲ್ಲ. ಪ್ರತಿ ವರ್ಷ ಇಂಥವರು ಇರುತ್ತಿದ್ದರು. ಊರಿನವರು ಆಗ ಹೇಳುವ ಮಾತು, "ಸೈನ್ಸ್ ಅವ್ನ ತಲೆಗೆ ಹತ್ತಲಿಲ್ಲ."

ಈ ಮಾತು ಬಹಳ ಸಲ ಸುಳ್ಳು. ಮಾಗಡಿ ಕಡೆಯ ಒಂದು ಹಳ್ಳಿಯಿಂದ ಬಂದ ಒಬ್ಬ ಹುಡುಗಿಯ ಕತೆ ಹೇಳುತ್ತೇನೆ. ಹತ್ತನೆಯವರೆಗೂ ಕನ್ನಡ ಮಾಧ್ಯಮ. ಅದೇ 25ಕ್ಕೆ 4. ಟಿ.ಸಿ. ಕೊಡಿ ಮಿಸ್, ಆರ್ಟ್ಸಿಗೆ ಹೋಗ್ತೀನಿ ಅಂತ ಅಳುತ್ತಾ ಬಂದಳು. ನಾನು ಭೌತಶಾಸ್ತ್ರದವಳಲ್ಲ, ಆದರೂ ಕೇಳಿದೆ, "ವೇಗೋತ್ಕರ್ಷ ಅಂದ್ರೆ ಏನವ್ವ?" ಕಣ್ಣೊರೆಸಿಕೊಂಡು ಹೇಳಿದಳು: "ಸ್ಟ್ಯಾಂಡಿಂದ ಬಸ್ ಹೊರಟ ಮೇಲೆ ಒಂದೊಂದು ಸೆಕೆಂಡಿಗೂ ಅದರ ವೇಗ ಎಷ್ಟೆಷ್ಟು ಜಾಸ್ತಿ ಆಗುತ್ತೋ ಅದು ಮಿಸ್." ಇದಕ್ಕಿಂತ ಸರಿಯಾದ ಉತ್ತರ ಯಾರು ಕೊಡುತ್ತಾರೆ? ತರಗತಿಯಲ್ಲಿ ಮೂರು ತಿಂಗಳಿಂದ ಕೇಳುತ್ತಿದ್ದ "ಆಕ್ಸಿಲರೇಷನ್" ಇದೇ ವೇಗೋತ್ಕರ್ಷ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಮೊಮೆಂಟಮ್" ಅಂದರೆ ತಾನು ಓದಿದ್ದ ಸಂವೇಗ, "ಫೋಟೋಸಿಂಥೆಸಿಸ್" ಅಂದರೆ ದ್ಯುತಿಸಂಶ್ಲೇಷಣೆ ಎಂದೂ ಗೊತ್ತಿರಲಿಲ್ಲ. ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಸಿ, ಈ ಕಡೆ ಕನ್ನಡದ ಮಾತು, ಆ ಕಡೆ ಇಂಗ್ಲಿಷಿನ ಮಾತು ಬರೆಯಿಸಿದೆವು. ದಿನಕ್ಕೆ ಹತ್ತು. ಡಿಸೆಂಬರಿಗೆ ಅವಳು ಪಾಸಾಗುವ ಮಟ್ಟಕ್ಕೆ ಬಂದಳು. ಈಗ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾಳೆ. ಅವಳು ಅಂದು ಟಿ.ಸಿ. ತೆಗೆದುಕೊಂಡು ಹೋಗಿದ್ದರೆ, ವಿಜ್ಞಾನ ತನ್ನ ತಲೆಗೆ ಹತ್ತಲಿಲ್ಲ ಎಂದೇ ಕೊನೆಯವರೆಗೂ ನಂಬಿರುತ್ತಿದ್ದಳು.

ಭಾಷೆ ಅಡ್ಡ ಬಂದದ್ದು ಒಂದು, ವಿಷಯ ಒಗ್ಗದಿರುವುದು ಇನ್ನೊಂದು. ವಿಷಯ ಆರಿಸುವ ಮೊದಲು ಇವೆರಡನ್ನೂ ಬೇರೆ ಮಾಡಿ ನೋಡಬೇಕು. ಕನ್ನಡದಲ್ಲಿ ಆ ಪಾಠ ನಿನಗೆ ಇಷ್ಟವಾಗಿತ್ತೇ? ಮೇಷ್ಟ್ರು ಕೇಳದಿದ್ದರೂ ಮುಂದಿನ ಪುಟ ತಿರುಗಿಸಿ ಓದಿದ್ದೆಯಾ? ಹೌದು ಅಂದರೆ ಇಂಗ್ಲಿಷಿಗೆ ಹೆದರಿ ಬಿಡಬೇಡಿ. ಕನ್ನಡದಲ್ಲೇ ಆ ವಿಷಯ ಕಂಡರೆ ಆಗುತ್ತಿರಲಿಲ್ಲ ಅಂದರೆ, 95 ಅಂಕ ಬಂದಿದ್ದರೂ ಅದರ ಹಿಂದೆ ಹೋಗಬೇಡಿ.

ಇನ್ನು ನಮ್ಮ ಕಸುಬಿನ ಮಾತು. ಇಲ್ಲಿ ಕೂತಿರುವವರಲ್ಲಿ ಹುಳು ಮನೆ ಇಲ್ಲದವರು ಕಡಿಮೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿದ 1980ರಲ್ಲೇ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟದ್ದು. ಅದಕ್ಕೆ ಮೊದಲು ಅದರ ಹೆಸರೇ ಇಲ್ಲಿ ಗೊತ್ತಿರಲಿಲ್ಲ. ನೊಣ ಬಂದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಹುಳುವಿನೊಳಗೆ ಸೇರಿ ತಿನ್ನುತ್ತದೆ, ಮೈಮೇಲೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಗೂಡು ಕಟ್ಟಿದರೂ ಮರಿ ಅದನ್ನು ತೂತು ಮಾಡಿ ಹೊರಬರುವುದರಿಂದ ನೂಲು ತೆಗೆಯಲಾಗದು. ನಮ್ಮ ಮನೆಯಲ್ಲೂ ಬೆಳೆ ಹೋಯಿತು. ನಮ್ಮಮ್ಮ ಯಾರೋ ಕಣ್ಣು ಹಾಕಿದ್ದಾರೆ ಎಂದು ಚಂದ್ರಿಕೆಗಳಿಗೆಲ್ಲ ದೃಷ್ಟಿ ತೆಗೆದಳು. ನನಗೆ ಆ ನೊಣ ಎಲ್ಲಿಂದ ಬಂತು, ಅದನ್ನು ತಿನ್ನುವ ಇನ್ನೊಂದು ಜೀವಿ ಇಲ್ಲವೇ ಅನ್ನುವ ಹುಚ್ಚು ಹತ್ತಿತು. ನಾನು ಪ್ರಾಣಿಶಾಸ್ತ್ರಕ್ಕೆ ಹೋದದ್ದು ಹಾಗೆ. ಅಂಥ ಜೀವಿ ಇತ್ತು ಕೂಡ. ನೆಸೊಲಿಂಕ್ಸ್ ಥೈಮಸ್ ಅಂತ ಒಂದು ಪುಟಾಣಿ ಕಣಜ. ಊಜಿಯ ಕೋಶದೊಳಗೆ ತನ್ನ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತದೆ. ಈಗ ರೈತರೇ ಅದನ್ನು ತಂದು ಹುಳು ಮನೆಯಲ್ಲಿ ಬಿಡುತ್ತಾರೆ.

ಕನಕಪುರದ ಹತ್ತಿರದ ಒಬ್ಬ ಹುಡುಗನಿಗೆ ದ್ವಿತೀಯ ಪಿ.ಯು.ಸಿ. ಆದ ಮೇಲೆ ಬಿ.ಎಸ್‌ಸಿ. ರೇಷ್ಮೆ ಕೃಷಿ ಓದುವ ಆಸೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಚಿಂತಾಮಣಿಯಲ್ಲಿ ಆ ಪದವಿ ಕಲಿಸುತ್ತಿತ್ತು. ಅಪ್ಪ ನನ್ನ ಮೇಲೇ ರೇಗಿದ. "ಹುಳ ಸಾಕಕ್ಕೆ ಡಿಗ್ರಿ ಯಾಕ್ ಮೇಡಂ? ನಮ್ಮಪ್ಪ ಓದಿದ್ನಾ? ಎಂಜಿನಿಯರ್ ಮಾಡ್ಸನ ಅಂತ ಓದುಸ್ತಾ ಇವ್ನಿ." ಅವನಿಗೆ ನಾನು ಹೇಳಿದ ಕತೆಯನ್ನೇ ನಿಮಗೂ ಹೇಳುತ್ತೇನೆ. 1865ರಲ್ಲಿ ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಗಂಟು ರೋಗ ಬಂದು ರೇಷ್ಮೆ ಬೆಳೆಗಾರರು ಹಾಳಾಗಿ ಹೋಗಿದ್ದರು. ಅಲ್ಲಿಗೆ ಲೂಯಿ ಪಾಶ್ಚರನ್ನು ಕಳಿಸಿದರು. ಆತ ಓದಿದ್ದು ರಸಾಯನಶಾಸ್ತ್ರ. ಅದುವರೆಗೆ ರೇಷ್ಮೆ ಹುಳುವನ್ನು ಮುಟ್ಟಿದವನೂ ಅಲ್ಲ. ಐದು ವರ್ಷ ಅಲ್ಲಿ ಕೆಲಸ ಮಾಡಿ, ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ ಎಂದು ಖಚಿತಪಡಿಸಿ, ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮ ತಂದ. ರೋಗದ ಕಣ ಕಂಡರೆ ಆ ಚಿಟ್ಟೆಯ ಮೊಟ್ಟೆಯನ್ನೆಲ್ಲ ಸುಟ್ಟುಬಿಡಬೇಕು. ನೀವು ಇವತ್ತು ತರುವ ರೋಗರಹಿತ ಮೊಟ್ಟೆ ಇದೇ ಪರೀಕ್ಷೆ ದಾಟಿ ಬಂದದ್ದು. ನಿಮ್ಮಪ್ಪ ಓದಲಿಲ್ಲ ನಿಜ, ಅವರಿಗೋಸ್ಕರ ಬೇರೆ ಯಾರೋ ಓದಿದ್ದರು ಅಂದೆ. ಆತ ಒಪ್ಪಿದನೋ, ನನ್ನ ಮಾತು ಮುಗಿದರೆ ಸಾಕು ಅನ್ನಿಸಿತೋ, ಅಂತೂ ಹುಡುಗನನ್ನು ಕಳಿಸಿದ.

ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಒಂದು ವಿಷಯ ಇದೆ. ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆಂದೇ ಒಂದು ದೊಡ್ಡ ಪಾಲು ಸೀಟು ಮೀಸಲು. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ ತೋರಿಸಿ ಯಾವುದು ಅಂತ ಕೇಳುತ್ತಾರೆ, ಉಪಕರಣ ತೋರಿಸಿ ಹೆಸರು ಕೇಳುತ್ತಾರೆ. ಹೊಲಕ್ಕೆ ಇಳಿದ ಮಗುವಿಗೆ ಇದು ಕಷ್ಟವಲ್ಲ. ಆದರೆ ಓದುವ ಹುಡುಗ ಎಂದು ಮಣ್ಣು ಮುಟ್ಟಿಸದೆ ಬೆಳೆಸಿದ್ದರೆ ಅಲ್ಲಿ ತೊದಲುತ್ತಾನೆ. ಪರೀಕ್ಷೆಗೆ ಒಂದು ವಾರ ಮುಂಚೆ ಅಪ್ಪನ ಜೊತೆ ನಿಂತು ಹುರುಳಿ ಯಾವುದು, ಅಲಸಂದೆ ಯಾವುದು ಎಂದು ಉರು ಹೊಡೆಯುತ್ತಿದ್ದ ಮಕ್ಕಳನ್ನು ನೋಡಿ ನಕ್ಕಿದ್ದೇನೆ.

ಎಲ್ಲರೂ ಪಿ.ಯು.ಸಿ.ಗೇ ಬರಬೇಕೆಂದೂ ಇಲ್ಲ. ಪಿ.ಯು. ಉಪನ್ಯಾಸಕಿಯೇ ಹೀಗೆ ಹೇಳಬಹುದಾ ಅಂತ ನನ್ನ ಸಹೋದ್ಯೋಗಿಗಳು ಮುಖ ಸಿಂಡರಿಸಬಹುದು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಮನೆಯ ಮಗುವಿಗೆ ಹತ್ತು ವರ್ಷಕ್ಕೇ ಲೇತ್ ತಿರುಗುವ ಸದ್ದು ಕಿವಿಯಲ್ಲಿರುತ್ತದೆ. ಆಲೆ ಮರದ ತುಂಡಿಗೆ ಉಳಿ ಎಷ್ಟು ಕೊಡಬೇಕು, ಅರಗಿನ ಬಣ್ಣ ಯಾವಾಗ ಹಿಡಿಯುತ್ತದೆ ಎಂದು ಕೈಗೆ ಗೊತ್ತು. ಅಂಥ ಒಬ್ಬ ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ಚೆನ್ನಾಗಿ ಮಾಡಿ, ಸಮಾಜದಲ್ಲಿ ಕಷ್ಟಪಟ್ಟು ಪಾಸಾಗಿದ್ದ. ಒಟ್ಟು ಅಂಕ ನೋಡಿ ಯಾರೋ ಅವನನ್ನು ಕಲಾ ವಿಭಾಗಕ್ಕೆ ಬರೆದಿದ್ದರು! ಅವನು ಅರ್ಜಿ ಹಿಡಿದು ನಿಂತಿದ್ದಾಗ ಅವನ ಬೆರಳು ನೋಡಿ, ಮನೆ ಕೆಲಸ ಕೇಳಿ, ಜಿ.ಟಿ.ಟಿ.ಸಿ.ಯ ಟೂಲ್ ಅಂಡ್ ಡೈ ಡಿಪ್ಲೊಮಾ ಬಗ್ಗೆ ಹೇಳಿದೆವು. ಹತ್ತನೇ ತರಗತಿ ಆದವರಿಗೆ ಇರುವ ಕೋರ್ಸು. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು ಎನ್ನುವುದು ಎಷ್ಟೋ ಪೋಷಕರಿಗೆ ಗೊತ್ತಿಲ್ಲ. ಬಿಡದಿಯಲ್ಲಿ ಟೊಯೋಟಾ ಕಂಪನಿ 2007ರಿಂದ ತಾಂತ್ರಿಕ ತರಬೇತಿ ಸಂಸ್ಥೆ ನಡೆಸುತ್ತಿದೆ. ಹಳ್ಳಿಯ ಬಡ ಮಕ್ಕಳನ್ನು ಹತ್ತನೇ ತರಗತಿ ಆದ ಮೇಲೆ ಪರೀಕ್ಷೆ ಮಾಡಿ ಆರಿಸಿ, ಅಲ್ಲೇ ಇಟ್ಟುಕೊಂಡು ಮೂರು ವರ್ಷ ಕಲಿಸುತ್ತಾರೆ. ಕಾರ್ಖಾನೆಯ ಗೇಟು ದಿನಾ ಬಸ್ಸಿನಲ್ಲಿ ನೋಡುತ್ತೇವೆ, ಒಳಗೆ ಶಾಲೆ ಇರುವುದು ನಮಗೆ ಗೊತ್ತಿರುವುದಿಲ್ಲ.

ಕಲಾ ವಿಭಾಗದ ಬಗ್ಗೆ ನನಗೆ ಸ್ವಲ್ಪ ಕೋಪ ಇದೆ. ವಿಭಾಗದ ಮೇಲಲ್ಲ, ಅದನ್ನು ದಡ್ಡರ ಮನೆ ಎನ್ನುವವರ ಮೇಲೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ಕನ್ನಡ ಎಂ.ಎ. ಓದಿದರು. ಗ್ರಾಮದೇವತೆಗಳ ಮೇಲೆ ಪಿಎಚ್.ಡಿ. ಮಾಡಿದರು. ನಮ್ಮ ಊರಿನ ಮಾರಮ್ಮ ಒಂದು ವಿಶ್ವವಿದ್ಯಾಲಯದ ಅಧ್ಯಯನದ ವಿಷಯ ಆಗಬಹುದು ಎಂದು ನಮಗೆ ಯಾರಿಗಾದರೂ ಹೊಳೆದಿತ್ತೇ? ಅದೇ ತಾಲ್ಲೂಕಿನ ವೀರಾಪುರದ ಶಿವಕುಮಾರ ಸ್ವಾಮಿಗಳು 1927ರಲ್ಲಿ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ಕಲಾ ಪದವಿಗೆ ಸೇರಿ ಭೌತಶಾಸ್ತ್ರ ಮತ್ತು ಗಣಿತವನ್ನು ಐಚ್ಛಿಕವಾಗಿ ತೆಗೆದುಕೊಂಡಿದ್ದರು. ಕಲೆ, ವಿಜ್ಞಾನ ಎಂದು ಈಗ ನಾವು ಕಟ್ಟಿರುವ ಗೋಡೆ ಆಗ ಇಷ್ಟು ಎತ್ತರ ಇರಲಿಲ್ಲ.

ಹೆಣ್ಣು ಮಕ್ಕಳ ವಿಷಯ ಬೇರೆಯೇ ಹೇಳಬೇಕು. ನನ್ನ ಮೇಜಿಗೆ ಬಂದ ಎಷ್ಟೋ ಹುಡುಗಿಯರ ವಿಷಯವನ್ನು ಆರಿಸಿದ್ದು ಬಸ್ಸು. ಹತ್ತಿರದ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ ಮಾತ್ರ ಇದ್ದರೆ ಅವಳು ಇತಿಹಾಸ ಓದುತ್ತಿದ್ದಳು. ಅಣ್ಣ ಮಾತ್ರ ಪೇಟೆಗೆ ಹೋಗಿ ವಿಜ್ಞಾನ ಓದುತ್ತಿದ್ದ, ಅವನಿಗೆ ಅಂಕ ಕಡಿಮೆ ಬಂದಿದ್ದರೂ ಸರಿ. ರೀಲಿಂಗ್ ಮನೆಯಲ್ಲಿ ಬಿಸಿನೀರಿನ ಬೇಸಿನ್ನಿಗೆ ಕೈ ಹಾಕಿ ಗೂಡು ಬಿಚ್ಚುವ ತಾಯಿಯೊಬ್ಬಳು ಒಂದು ದಿನ ಒಬ್ಬಳೇ ಬಂದಳು. ಗಂಡ ಬೇಡ ಅಂದಿದ್ದಾನೆ. ಅವಳ ಬೆರಳ ತುದಿ ಬೆಂದು ಬಿಳಿಚಿಕೊಂಡಿತ್ತು. "ದೂರ ಆದ್ರೂ ಪರ್ವಾಗಿಲ್ಲ ಮಿಸ್, ಮಗಾ ಕೇಳಿದ್ದೇ ಕೊಡಿ. ಬಸ್ ಚಾರ್ಜು ನಾನ್ ನೋಡ್ಕತೀನಿ" ಅಂದಳು. ಮಗಳು ಕೇಳಿದ್ದು ಲೆಕ್ಕಶಾಸ್ತ್ರ. ವಿಜ್ಞಾನವೇ ದೊಡ್ಡದು ಎಂದು ನಾನು ಅಲ್ಲಿ ಉಪದೇಶ ಮಾಡಲಿಲ್ಲ. ಕೇಳಿದ್ದನ್ನೇ ಕೊಟ್ಟೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಇನ್ನು ಬಸ್ ಚಾರ್ಜಿನ ನೆಪ ಹೇಳುವ ಹಾಗಿಲ್ಲ. ಸಂಜೆ ಕತ್ತಲಾಗುವ ಮುಂಚೆ ಊರಿಗೆ ಬರುವ ಬಸ್ಸು ಒಂದೇ ಎನ್ನುವುದು ನಿಜವಾದ ತೊಂದರೆ. ಅದನ್ನು ಬಗೆಹರಿಸಲು ಡಿಪೋಗೆ ಅರ್ಜಿ ಹಾಕಬೇಕಾದವರು ಇಲ್ಲಿ ಮುಂದೆ ಕೂತಿರುವ ಗಂಡಸರು. ಮಗಳ ವಿಷಯ ಬದಲಾಯಿಸುವುದು ಅದಕ್ಕೆ ಪರಿಹಾರವಲ್ಲ.

ಮುಚ್ಚಿಹೋಗುವ ಬಾಗಿಲುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ವಿಜ್ಞಾನ ಓದಿದವರು ಮುಂದೆ ಕಲಾ, ವಾಣಿಜ್ಯ ಯಾವ ಪದವಿಗೂ ಹೋಗಬಹುದು. ಅಲ್ಲಿಂದ ಇಲ್ಲಿಗೆ ಬರುವುದು ಆಗದ ಮಾತು. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರ ಬಿಟ್ಟರೆ ಡಾಕ್ಟರು, ಪಶುವೈದ್ಯ, ಕೃಷಿ ಪದವಿಯ ದಾರಿ ಬಹಳ ಕಷ್ಟ. ವಕೀಲರಾಗಲು, ಸಿ.ಎ. ಮಾಡಲು, ಕೆ.ಎ.ಎಸ್. ಬರೆಯಲು ಇಂಥದೇ ವಿಭಾಗ ಬೇಕೆಂದಿಲ್ಲ. ಮೇಷ್ಟ್ರಾಗುವ ಆಸೆ ಇದ್ದರೆ ಪದವಿಯಲ್ಲಿ ಶಾಲೆಯಲ್ಲಿ ಕಲಿಸುವ ವಿಷಯಗಳೇ ಇರಬೇಕು, ಇದನ್ನು ಮರೆತು ಆಮೇಲೆ ಬಿ.ಇಡಿ. ಹೊತ್ತಿಗೆ ಪರದಾಡಿದವರು ಬಹಳ. ಪದವಿಯ ನಿಯಮಗಳಂತೂ ಹೋದ ನಾಲ್ಕೈದು ವರ್ಷದಲ್ಲಿ ಎರಡು ಸಲ ಬದಲಾದವು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಆನರ್ಸ್, ಮೇಜರ್, ಮೈನರ್ ಅಂದರು. 2024–25ರಿಂದ ಮತ್ತೆ ಮೂರು ವರ್ಷದ ಪದವಿ. ಹಾಗಾಗಿ ನಿಮ್ಮ ಅಕ್ಕ ಏನು ತೆಗೆದುಕೊಂಡಿದ್ದಳು ಎಂದು ಕೇಳಿ ನೀವೂ ಅದನ್ನೇ ಬರೆಯಬೇಡಿ. ಆ ವರ್ಷದ ನಿಯಮವನ್ನು ಕಾಲೇಜಿಗೇ ಹೋಗಿ ಕೇಳಿ.

ಮಕ್ಕಳೇ, ಪರೀಕ್ಷೆ ಆದ ಮೇಲೆ ನಿಮಗೆ ಎರಡು ತಿಂಗಳು ಇರುತ್ತದೆ. ನಿಮ್ಮೂರಿನಲ್ಲಿ ಪ್ರಥಮ ಪಿ.ಯು.ಸಿ. ಮುಗಿಸಿದವರ ಮನೆಗೆ ಹೋಗಿ ಅವರ ಪುಸ್ತಕ ಕೇಳಿ ತನ್ನಿ. ನಾಲ್ಕು ದಿನ ಭೌತಶಾಸ್ತ್ರ, ನಾಲ್ಕು ದಿನ ಲೆಕ್ಕಶಾಸ್ತ್ರ, ನಾಲ್ಕು ದಿನ ಇತಿಹಾಸ ಇಟ್ಟುಕೊಂಡು ಕೂರಿ. ಅರ್ಥವಾಗದಿದ್ದರೂ ಸರಿ, ಯಾವುದನ್ನು ಮುಚ್ಚಿಡಲು ಮನಸ್ಸಾಗಲಿಲ್ಲ ನೋಡಿಕೊಳ್ಳಿ. ನರ್ಸ್ ಆಗಬೇಕು ಅನ್ನುವವರು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಕ್ಕನವರನ್ನು ಕೇಳಿ ಒಂದು ಬೆಳಗ್ಗೆ ಬೆಂಚಿನ ಮೇಲೆ ಕೂತು ನೋಡಿ ಬನ್ನಿ. ಎಂಜಿನಿಯರ್ ಆಗಬೇಕು ಅನ್ನುವವರು ಈ ಸಭೆಯಲ್ಲೇ ಇರುವ ನಮ್ಮ ಹಳೆಯ ವಿದ್ಯಾರ್ಥಿ ಎಂಜಿನಿಯರುಗಳನ್ನು ಹಿಡಿದುಕೊಂಡು, ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನು ಕೆಲಸ ಮಾಡಿದಿರಿ ಅಂತ ಕೇಳಿ. ಸಂಬಳ ಎಷ್ಟು ಅಂತ ಆಮೇಲೆ ಕೇಳಿ.

ಕೊನೆಯದಾಗಿ ಸಮಿತಿಯವರಲ್ಲಿ ಒಂದು ಕೋರಿಕೆ. ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ಗೇಟಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಮಾನು ಬೇಡ ಅನ್ನುತ್ತಿಲ್ಲ, ಅದರಲ್ಲಿ ನನ್ನ ತಂಡದವರ ಹಣವೂ ಇದೆ. ಅದರ ಜೊತೆಗೆ ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ಇದೇ ಶಾಲೆಯ ಒಂದು ಕೊಠಡಿ ತೆರೆಸಿಕೊಡಿ. ಪಿ.ಯು.ಸಿ.ಗೆ ಹೋಗುವ ಮಕ್ಕಳಿಗೆ ವಿಜ್ಞಾನ, ಗಣಿತ, ಲೆಕ್ಕಶಾಸ್ತ್ರದ ಮಾತುಗಳನ್ನು ಕನ್ನಡದಿಂದ ಇಂಗ್ಲಿಷಿಗೆ ದಾಟಿಸುವ ಪಾಠ ಮಾಡೋಣ. ಜೀವಶಾಸ್ತ್ರ ನಾನು ಮಾಡುತ್ತೇನೆ. ಭೌತಶಾಸ್ತ್ರಕ್ಕೆ ನಮ್ಮ ನಂತರದ ತಂಡದ ಇಬ್ಬರು ನಿನ್ನೆ ಊಟದ ಪಂಕ್ತಿಯಲ್ಲೇ ಒಪ್ಪಿದ್ದಾರೆ, ಈಗ ಎಲ್ಲರ ಮುಂದೆ ಹೇಳಿದ್ದೇನೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಲೆಕ್ಕಶಾಸ್ತ್ರಕ್ಕೆ ಒಬ್ಬರು ಬೇಕು. ಸೀಮೆಸುಣ್ಣ, ನೋಟ್‌ಬುಕ್ಕು, ಮಧ್ಯಾಹ್ನದ ಒಂದು ಲೋಟ ಮಜ್ಜಿಗೆ, ಇಷ್ಟೇ ಖರ್ಚು.

ಹತ್ತನೇ ತರಗತಿಯ ಮಕ್ಕಳು ಇನ್ನೊಂದು ಕೆಲಸ ಮಾಡಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿ.ಇ.ಟಿ.ಯಲ್ಲಿ ಗ್ರಾಮೀಣ ಮೀಸಲಾತಿ ಶೇಕಡ 15, ಕನ್ನಡ ಮಾಧ್ಯಮದ ಮೀಸಲಾತಿ ಶೇಕಡ 5 ಇದೆ. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಪ್ರಾಥಮಿಕ ಶಾಲೆ ಬೇರೆ ಊರಿನಲ್ಲಿ ಓದಿದ್ದರೆ ಅಲ್ಲಿಯದನ್ನೂ ತರಬೇಕು. ಇದನ್ನು ಎರಡು ವರ್ಷ ಬಿಟ್ಟು ಹುಡುಕಿದರೆ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗಿರುತ್ತಾರೆ, ದಾಖಲೆ ಪುಸ್ತಕ ಬೀರುವಿನ ಕೆಳಗೆ ಸೇರಿರುತ್ತದೆ. ಟಿ.ಸಿ. ತೆಗೆದುಕೊಳ್ಳುವ ದಿನವೇ ಇದನ್ನೂ ಬರೆಸಿಕೊಳ್ಳಿ.

ಊಟ ಆದ ಮೇಲೆ ನಾನು ಎಂಟನೇ ತರಗತಿಯ ಕೊಠಡಿಯಲ್ಲಿ ಸಂಜೆ ಐದರವರೆಗೆ ಇರುತ್ತೇನೆ. ಬೇಸಿಗೆ ಪಾಠಕ್ಕೆ ಹೆಸರು ಬರೆಸುವವರು ಅಲ್ಲಿಗೇ ಬನ್ನಿ. ಅಪ್ಪ, ಮಾವ, ಚಿಕ್ಕಪ್ಪ ಯಾರು ಬೇಕಾದರೂ ಜೊತೆಯಲ್ಲಿ ಬರಬಹುದು. ಮಾತು ಮಾತ್ರ ಮೊದಲು ಮಗು ಆಡಲಿ.